ಡಾಕ್ಟ್ರಮ್ಮನನ್ನು ಕೇಳಿ: ನಮ್ಮೂರ ಆಸ್ಪತ್ರೆಯಲ್ಲಿ ಡಾಕ್ಟರ್ ಯಾಕೆ ನಿಲ್ಲಲ್ಲ?

ಅಡ್ಮಿನ್: ಈ ಭಾನುವಾರದ ಪ್ರಶ್ನೋತ್ತರಕ್ಕೆ ನಮ್ಮ ಗುಂಪಿನ ಹಳೇ ಸದಸ್ಯರೊಬ್ಬರು ಒಪ್ಪಿದ್ದಾರೆ. ಆರೋಗ್ಯ ಇಲಾಖೆಯಲ್ಲಿ 27 ವರ್ಷ ಕೆಲಸ ಮಾಡಿ ನಿವೃತ್ತರಾದ ವೈದ್ಯಾಧಿಕಾರಿ. ಅದರಲ್ಲಿ 16 ವರ್ಷ ನಮ್ಮ ಶಿವಮೊಗ್ಗ ಜಿಲ್ಲೆಯ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಪಿಎಚ್‌ಸಿಗಳಲ್ಲೇ (ಪ್ರಾಥಮಿಕ ಆರೋಗ್ಯ ಕೇಂದ್ರ) ಕಳೆದವರು. ಹೆಸರು ಹಾಕಬೇಡಿ ಅಂದಿದ್ದಾರೆ. ಇವತ್ತು ಶೀತ, ಸೊಂಟನೋವು ಕೇಳಬೇಡಿ. ವಿಷಯ ಸರ್ಕಾರಿ ಡಾಕ್ಟರ್‌ಗಳ ಸಂಬಳ ಮತ್ತು ಕೆಲಸ.

ಪ್ರಶ್ನೆ (ಹೊಸನಗರ ಕಡೆಯ ಅಡಿಕೆ ಬೆಳೆಗಾರ): ಡಾಕ್ಟ್ರಮ್ಮ, ನಮ್ಮ ಪಿಎಚ್‌ಸಿಗೆ ನಾಲ್ಕು ವರ್ಷದಲ್ಲಿ ಐದು ಡಾಕ್ಟರ್ ಬಂದು ಹೋದರು. ಈಗ ಮತ್ತೆ ಖಾಲಿ. ಸಂಬಳ ಲಕ್ಷದ ಹತ್ತಿರ ಅಂತಾರೆ. ನಾವು ಕೊಳೆರೋಗದಲ್ಲಿ ವರ್ಷದ ಫಸಲೇ ಕಳ್ಕೊಂಡರೂ ಊರು ಬಿಟ್ಟಿಲ್ಲ. ಇವರಿಗೆ ಏನು ಕಷ್ಟ?

ಉತ್ತರ: ಲಕ್ಷದ ಮಾತು ಸುಳ್ಳಲ್ಲ. ರಾಜ್ಯದ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಕೈಗೆ ಬರುತ್ತಿದೆ. ಹೊಸದಾಗಿ ಸೇರುವ ಎಂಬಿಬಿಎಸ್ ವೈದ್ಯಾಧಿಕಾರಿಯ ಮೂಲ ವೇತನ 52,650 ಇದ್ದದ್ದು 83,700 ರೂಪಾಯಿ ಆಯಿತು. ಅದರ ಮೇಲೆ ತುಟ್ಟಿಭತ್ಯೆ, ವೈದ್ಯರ ವಿಶೇಷ ಭತ್ಯೆ. 2006ರ ಏಪ್ರಿಲ್ ನಂತರ ಸೇರಿದವರಿಗೆ ಎನ್‌ಪಿಎಸ್‌ಗೆ, ಅಂದರೆ ಹೊಸ ಪಿಂಚಣಿ ಯೋಜನೆಗೆ, ಶೇ. 10 ಹಿಡಿಯುತ್ತಾರೆ. ಹಿಡಿದರೂ ಬದುಕಲು ಸಾಲುತ್ತದೆ. ಸಂಬಳ ಸಾಲದು ಅಂತ ಅಳುವ ಡಾಕ್ಟರ್‌ಗಳ ಜೊತೆ ನಾನು ಪೂರ್ತಿ ಇಲ್ಲ.

ಆದರೆ ಸಂಬಳದ ಚೀಟಿಯಲ್ಲಿ ಒಂದು ಸಾಲು ನೋಡಿ. ಮನೆ ಬಾಡಿಗೆ ಭತ್ಯೆ. ಬೆಂಗಳೂರಿನಲ್ಲಿ ಇದ್ದರೆ ಮೂಲ ವೇತನದ ಶೇ. 20, ಅಂದರೆ 16,740 ರೂಪಾಯಿ. ನಿಮ್ಮೂರಿಗೆ ಬಂದರೆ ಶೇ. 7.5, ಅಂದರೆ 6,277. ಕ್ವಾರ್ಟರ್ಸ್ ಕೊಟ್ಟರೆ ಅದೂ ಇಲ್ಲ. ಪೇಟೆಯಲ್ಲಿ ಬಾಡಿಗೆ ಜಾಸ್ತಿ, ಒಪ್ಪಿದೆ. ಆದರೆ ಹಳ್ಳಿಗೆ ಬಂದ ಡಾಕ್ಟರ್ ಮಕ್ಕಳ ಶಾಲೆಗೆ ಅಂತ ಶಿವಮೊಗ್ಗದಲ್ಲಿ ಇನ್ನೊಂದು ಮನೆ ಮಾಡಿರುತ್ತಾರೆ. ಎರಡು ಕಡೆ ಒಲೆ ಹಚ್ಚಬೇಕು. ದೂರ ಹೋದಷ್ಟೂ ಚೀಟಿಯಲ್ಲಿ ಮೊತ್ತ ಇಳಿಯುತ್ತದೆ. ನನ್ನ ತಕರಾರು ಇದಕ್ಕೆ.

ಇನ್ನು ನೀವು ಕೇಳಿದ ಕಷ್ಟ. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ, ಬಯಲುಸೀಮೆಯಲ್ಲಿ 30,000ಕ್ಕೆ ಒಂದು. ನಮಗೆ ರಿಯಾಯಿತಿ ಕೊಟ್ಟ ಹಾಗೆ ಕಾಣುತ್ತೆ ಅಲ್ವಾ? ಬಯಲುಸೀಮೆಯ 30,000 ಜನ ಏಳೆಂಟು ದೊಡ್ಡ ಊರಲ್ಲಿ ಸಿಗುತ್ತಾರೆ. ನಮ್ಮ 20,000 ಜನ ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಕೇರಿ ಅಂತ ಹರಡಿದ್ದಾರೆ. ಅಷ್ಟಕ್ಕೂ ಇರುವುದು ಒಬ್ಬರೇ ಎಂಬಿಬಿಎಸ್ ಡಾಕ್ಟರ್.

ನಾನಿದ್ದ ಒಂದು ಕ್ವಾರ್ಟರ್ಸ್‌ನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆ ಕಿಟಕಿಯ ದಂಡೆ ಮೇಲೆ ಮಾತ್ರ. ಮೊಬೈಲನ್ನು ಅಲ್ಲಿ ಲೋಟಕ್ಕೆ ಒರಗಿಸಿಟ್ಟು, ಕೆಳಗೆ ಚಾಪೆ ಹಾಕಿ ಮಲಗುತ್ತಿದ್ದೆ. ಮಳೆಗಾಲ ಪೂರ್ತಿ ಹೀಗೇ. ರಾತ್ರಿ ಫೋನ್ ಬಂದರೆ ಹಾವು ಕಚ್ಚಿದ್ದು, ಇಲ್ಲವೇ ಹೆರಿಗೆ ನೋವು. ಬರದಿದ್ದ ರಾತ್ರಿಯೂ ನಿದ್ದೆ ಇಲ್ಲ, ಈಗ ಬಂದೀತು ಅಂತ. ಬೆಳಿಗ್ಗೆ 9ಕ್ಕೆ ಮತ್ತೆ ಒಪಿಡಿ, ಅಂದರೆ ಹೊರರೋಗಿಗಳನ್ನು ನೋಡುವುದು. ಎರಡನೇ ವರ್ಷದ ಹೊತ್ತಿಗೆ ಫೋನ್ ಸದ್ದಾಗದಿದ್ದರೂ ಎದ್ದು ಕೂರುತ್ತಿದ್ದೆ. ಒಂದು ಮದುವೆಗೆ ಹೋಗಬೇಕೆಂದರೂ ಪಕ್ಕದ ಪಿಎಚ್‌ಸಿಯವರ ಕೈಕಾಲು ಹಿಡಿಯಬೇಕು. ನಿಮ್ಮೂರಿನ ಐದು ಡಾಕ್ಟರ್‌ಗಳಲ್ಲಿ ಮೂರು ಜನವಾದರೂ ಇದಕ್ಕೇ ಹೋಗಿರುತ್ತಾರೆ, ನೋಡಿ.

ಪ್ರಶ್ನೆ (ಅದೇ ಬೆಳೆಗಾರ): ಹಾಗಾದ್ರೆ ಸಂಬಳ ಏರಿಸೋದು ಬೇಡ ಅಂತಲಾ?

ಉತ್ತರ: ಬೇಡ ಅಂದಿಲ್ಲ ಮಾರಾಯ್ರೆ. ಮೊದಲು ಎರಡನೇ ಡಾಕ್ಟರ್ ಕೊಡಿ ಅಂತಿದ್ದೇನೆ. ಎಲ್ಲ ಕಡೆ ಆಗದಿದ್ದರೆ ಅಕ್ಕಪಕ್ಕದ ಮೂರು ಪಿಎಚ್‌ಸಿ ಸೇರಿಸಿ ರಾತ್ರಿ ಪಾಳಿ ಹಂಚಲಿ. ಮೂರು ದಿನಕ್ಕೊಮ್ಮೆ ರಾತ್ರಿ ಕೆಲಸ ಅಂದರೆ ಯಾರೂ ಓಡಿ ಹೋಗಲ್ಲ. ದಿನಾ ಅಂದರೆ ನಾನೂ ಹೋಗುತ್ತೇನೆ, ಹೋಗಿದ್ದೇನೆ ಕೂಡ. ಒಂಬತ್ತನೇ ವರ್ಷ ವರ್ಗಾವಣೆ ಕೇಳಿಕೊಂಡು ಶಿವಮೊಗ್ಗಕ್ಕೆ ಬಂದವಳೇ ನಾನು.

ಅದಾದ ಮೇಲೆ ಸಂಬಳ. ಎಲ್ಲರಿಗೂ ಒಂದೇ ಸಮ ಏರಿಸಿದರೆ ಪೇಟೆಯಲ್ಲಿ ಕೂತವರಿಗೂ ಏರುತ್ತದೆ, ನಿಮ್ಮೂರು ಮತ್ತೆ ಖಾಲಿ. ಛತ್ತೀಸ್‌ಗಢದವರು 2009ರ ಹೊತ್ತಿಗೆ ಗ್ರಾಮೀಣ ವೈದ್ಯರಿಗಾಗಿ ಒಂದು ಯೋಜನೆ ಮಾಡಿದರು. ಆಸ್ಪತ್ರೆಗಳನ್ನು ಸಾಮಾನ್ಯ, ಕಷ್ಟ, ತುಂಬಾ ಕಷ್ಟ ಅಂತ ವಿಂಗಡಿಸಿ, ಕಷ್ಟ ಹೆಚ್ಚಾದಷ್ಟೂ ಭತ್ಯೆ ಹೆಚ್ಚು. ಆಗುಂಬೆ ಘಾಟಿಯ ಅಂಚಿನ ಆಸ್ಪತ್ರೆಗೂ ಹೆದ್ದಾರಿ ಪಕ್ಕದ ಆಸ್ಪತ್ರೆಗೂ ಒಂದೇ ತಕ್ಕಡಿ ಯಾಕೆ?

ಪ್ರಶ್ನೆ (ಗುತ್ತಿಗೆ ವೈದ್ಯ, ತೀರ್ಥಹಳ್ಳಿ ಕಡೆ): ಮೇಡಂ, ನಮ್ಮ ಬಗ್ಗೆಯೂ ಒಂದು ಮಾತು ಹೇಳಿ. ನಾನೂ ಅದೇ ಒಪಿಡಿ ನೋಡುತ್ತೇನೆ, ಅದೇ ರಾತ್ರಿ ಏಳುತ್ತೇನೆ. ಮಾರ್ಚ್ ಬಂದರೆ ಎದೆ ಢವಢವ.

ಉತ್ತರ: ಗೊತ್ತಪ್ಪ. ಮಾರ್ಚ್ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಮುಂದುವರಿಕೆ ಆದೇಶ ಬರುವವರೆಗೆ ಉಸಿರು ಬಿಗಿಹಿಡಿಯಬೇಕು. ಬ್ಯಾಂಕಿನವರು ಸಾಲ ಕೊಡುವಾಗಲೂ ಕಾಯಂ ಆದೇಶ ಕೇಳುತ್ತಾರೆ. ನನ್ನ ಪ್ರಕಾರ ಸಂಬಳದ ವ್ಯತ್ಯಾಸಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಸೇವೆಯಲ್ಲಿರುವ ಡಾಕ್ಟರ್‌ಗಳಿಗೆ ಪಿಜಿ (ಎಂಬಿಬಿಎಸ್ ನಂತರದ ಓದು) ಸೀಟಿನಲ್ಲಿ ಮೀಸಲು ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 31ರಂದು ಹೇಳಿತು. ಹಳ್ಳಿಯಲ್ಲಿ ದುಡಿದರೆ ಮುಂದೆ ಓದಬಹುದು ಅನ್ನುವ ಆಸೆಗೇ ಎಷ್ಟೋ ಜನ ನಿಲ್ಲುವುದು. ಆ ಏಣಿ ಕಾಯಂ ಆದವರಿಗೆ. ನಿಮಗಿಲ್ಲ. ಹಾಗಾಗಿ ನೀವು ರಾತ್ರಿ ಕೂತು ಪಿಜಿ ಪ್ರವೇಶ ಪರೀಕ್ಷೆ ನೀಟ್‌ಗೆ ಓದುತ್ತೀರಿ, ರ್‍ಯಾಂಕ್ ಬಂದ ದಿನ ಹೊರಡುತ್ತೀರಿ. ನಿಮ್ಮ ತಪ್ಪು ಅಂತ ನಾನು ಹೇಳಲ್ಲ.

2020ನೇ ಇಸವಿ ನೆನಪಿದೆಯಾ? ಸೆಪ್ಟೆಂಬರ್‌ನಲ್ಲಿ ಸರ್ಕಾರಿ ವೈದ್ಯಾಧಿಕಾರಿಗಳ ಸಂಘದವರು ಕೋವಿಡ್ ವರದಿ ಕಳಿಸುವುದನ್ನೇ ನಿಲ್ಲಿಸಿದ್ದೆವು. ವೈದ್ಯಕೀಯ ಶಿಕ್ಷಣ ಇಲಾಖೆಯ ಡಾಕ್ಟರ್‌ಗಳಿಗೆ ಸಮನಾದ ಸಂಬಳ ಕೇಳಿದ್ದು. ರೋಗಿಗಳನ್ನು ನೋಡುವುದು ಬಿಟ್ಟಿರಲಿಲ್ಲ. ಅಂಕಿಅಂಶ ನಿಂತಾಗ ಮಾತ್ರ ವಿಧಾನಸೌಧಕ್ಕೆ ನಾವು ಕಂಡದ್ದು! ಗುತ್ತಿಗೆಯವರು ಅದೇ ವರ್ಷದ ಜುಲೈಯಲ್ಲಿ ರಾಜೀನಾಮೆ ಹಿಡಿದು ನಿಂತಿದ್ದರು, ಕಾಯಂ ಮಾಡಿ ಅಂತ.

ಪ್ರಶ್ನೆ (ಸಾಗರ): ಕಡ್ಡಾಯ ಗ್ರಾಮೀಣ ಸೇವೆ ಅಂತ ಕಾನೂನು ಇತ್ತಲ್ಲ, ಅದೇನಾಯ್ತು?

ಉತ್ತರ: 2012ರ ಕಾನೂನು. ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ. ಕೋರ್ಟು ಕಚೇರಿ ಅಂತ ಎಳೆದಾಡಿ, 2023ರಲ್ಲಿ ತಿದ್ದುಪಡಿ ಆಗಿ, ಅಗತ್ಯ ಇದ್ದಷ್ಟು ಜನರಿಗೆ ಮಾತ್ರ ಅಂತ ಸಡಿಲ ಮಾಡಿದರು. ಹೊಸ ಹುಡುಗರು ಒಂದು ವರ್ಷ ಬಂದರೆ ಬಾಗಿಲು ತೆರೆದಿರುತ್ತದೆ, ಅಷ್ಟೇ. ಯಾವ ಮನೆಯ ಅಜ್ಜಿಗೆ ಬಿಪಿ, ಯಾರು ಮಾತ್ರೆ ನುಂಗದೆ ಸುಳ್ಳು ಹೇಳುತ್ತಾರೆ ಅಂತ ಗೊತ್ತಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಪ್ರಶ್ನೆ (ಶಿಕಾರಿಪುರ, ಸ್ವಲ್ಪ ಖಾರವಾಗಿ): ನಮ್ಮ ಕಡೆ ಡಾಕ್ಟರ್ ಹನ್ನೊಂದಕ್ಕೆ ಬಂದು ಎರಡಕ್ಕೆ ಮಾಯ. ಕೇಳಿದರೆ ಮೀಟಿಂಗ್. ಇವರಿಗೆ ಇನ್ನೂ ಸೌಲಭ್ಯ ಬೇರೆ ಬೇಕಾ?

ಉತ್ತರ: ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ನನ್ನ ಜೊತೆಯೇ ಕೆಲಸ ಮಾಡಿದ್ದಾರೆ. ಬರೆದು ದೂರು ಕೊಡಿ, ತಾಲ್ಲೂಕು ಆರೋಗ್ಯಾಧಿಕಾರಿಗೆ. ಗುಂಪು ಕಟ್ಟಿಕೊಂಡು ಹೋಗಿ ಟೇಬಲ್ ಗುದ್ದಬೇಡಿ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ ಜೈಲು ಅಂತ 2009ರಿಂದ ಕಾನೂನಿದೆ. ಅದಿರಲಿ, ಗುದ್ದಿದ ಟೇಬಲ್ ಹಿಂದೆ ಮುಂದಿನ ಡಾಕ್ಟರ್ ಕೂರಲು ಬರಲ್ಲ.

ಮೀಟಿಂಗ್ ಮಾತ್ರ ನೆಪವಲ್ಲ. ಲಸಿಕೆ, ಕ್ಷಯ, ಬಾಣಂತಿ ಲೆಕ್ಕ, ಆಸ್ಪತ್ರೆಯ ಬಿಲ್ಲು, ಸಿಬ್ಬಂದಿ ಸಂಬಳ, ಎಲ್ಲಕ್ಕೂ ಸಹಿ ಆ ಒಬ್ಬರದೇ. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಶವಪರೀಕ್ಷೆ. ವರ್ಷ ಕಳೆದ ಮೇಲೆ ಅದರ ಸಾಕ್ಷಿಗೆ ಕೋರ್ಟಿನಿಂದ ಸಮನ್ಸ್, ಅಷ್ಟರಲ್ಲಿ ನೀವು ಬೇರೆ ತಾಲ್ಲೂಕಿನಲ್ಲಿ ಇರುತ್ತೀರಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಜೋರಾದಾಗ ಸುತ್ತಲಿನವರನ್ನು ನಿಯೋಜನೆ ಮೇಲೆ ಕರೆಸಿದರು. ನಾನೂ ಹೋದೆ. ಹೋಗಬೇಕಾದ್ದೇ, ಜನ ಸಾಯುತ್ತಿದ್ದರು. ಆದರೆ ಅಷ್ಟು ದಿನ ನನ್ನ ಒಪಿಡಿಯಲ್ಲಿ ಕೂತಿದ್ದವರು ನರ್ಸ್. ಊರಿನವರು ಆಗಲೂ ಹೇಳಿದ್ದು ಇದನ್ನೇ: ಡಾಕ್ಟರಮ್ಮ ಮಾಯ.

ಪ್ರಶ್ನೆ (ತುಮರಿ): ಶರಾವತಿ ಹಿನ್ನೀರಿಗೆ ಸೇತುವೆ ಆಯ್ತು. ಇನ್ನಾದ್ರೂ ನಮ್ಮ ಕಡೆ ಡಾಕ್ಟರ್ ನಿಲ್ತಾರಾ?

ಉತ್ತರ: 2025ರ ಜುಲೈಯಲ್ಲಿ ಸೇತುವೆ ತೆರೆದ ಸುದ್ದಿ ನೋಡಿ ನನಗೆ ಮೊದಲು ನೆನಪಾದದ್ದು ಹಿನ್ನೀರು ದಾಟಿಸುವ ಲಾಂಚ್ ನಿಂತ ಮೇಲಿನ ರಾತ್ರಿಗಳು. ಕಷ್ಟದ ಕೇಸನ್ನು ಸಾಗರಕ್ಕೆ ಕಳಿಸಲು ಆಗಲ್ಲ ಅನ್ನುವ ಭಯ ಡಾಕ್ಟರಿಗೂ ಇರುತ್ತದೆ. ಆ ಭಯ ಹೋಯಿತು. ನಿಮಗೆ ಒಳ್ಳೇದಾಗುತ್ತೆ ಅಂತ ನನ್ನ ಅಂದಾಜು. ಕ್ವಾರ್ಟರ್ಸ್ ಸೋರದಿದ್ದರೆ.

ಪ್ರಶ್ನೆ (ಪಂಚಾಯಿತಿ ಸದಸ್ಯೆ): ಸಂಬಳ ನಮ್ಮ ಕೈಯಲ್ಲಿಲ್ಲ ಅಕ್ಕ. ನಾವು ಏನು ಮಾಡಬಹುದು?

ಉತ್ತರ: ಕ್ವಾರ್ಟರ್ಸ್‌ನಿಂದ ಶುರು ಮಾಡಿ ತಂಗಿ. ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗಿ, ಸುಮ್ನೆ ಸಹಿ ಹಾಕಿ ಬರಬೇಡಿ. ಒಂದು ಮಳೆಗಾಲದಲ್ಲಿ ಆರು ದಿನ ಕರೆಂಟ್ ಇರಲಿಲ್ಲ. ಲಸಿಕೆ ಫ್ರಿಜ್ ಉಳಿಸಲು ಜನರೇಟರ್‌ಗೆ ನಾನೇ ದುಡ್ಡು ಹಾಕಿ ಡೀಸೆಲ್ ತರಿಸಿದೆ. ಆ ದುಡ್ಡು ವಾಪಸ್ ಬಂದದ್ದು ದೀಪಾವಳಿ ದಾಟಿದ ಮೇಲೆ. ಹೆಣ್ಣುಮಗಳು ಡಾಕ್ಟರ್ ಆಗಿ ಬಂದರೆ ಆಸ್ಪತ್ರೆಯಿಂದ ಕ್ವಾರ್ಟರ್ಸ್‌ವರೆಗೆ ಒಂದು ಬೀದಿದೀಪ ಹಾಕಿಸಿ. ಇದಕ್ಕೆಲ್ಲ ಬೆಂಗಳೂರಿನ ಆದೇಶ ಬೇಡ.

ಪ್ರಶ್ನೆ (ಶಿವಮೊಗ್ಗ, ಎಂಬಿಬಿಎಸ್ ಕೊನೇ ವರ್ಷ): ಮೇಡಂ, ನಮ್ಮೂರು ಕೋಣಂದೂರು ಹತ್ತಿರ. ಸರ್ಕಾರಿ ಕೆಲಸಕ್ಕೆ ಸೇರಲಾ? ಮನೆಯಲ್ಲಿ ಬೇಡ ಅಂತಿದ್ದಾರೆ.

ಉತ್ತರ: ಸೇರು. ಹಳ್ಳಿಯಲ್ಲಿ ಬೆಳೆದವರೇ ಹಳ್ಳಿಯಲ್ಲಿ ನಿಲ್ಲುವುದು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2010ರಲ್ಲಿ ಮಾರ್ಗಸೂಚಿ ಬರೆದಿದೆ. ಜಿಗಣೆಗೆ ಹೆದರಲ್ಲ ತಾನೇ ನೀನು? ಆದರೆ ಕೌನ್ಸೆಲಿಂಗ್‌ನಲ್ಲಿ ಊರು ಆರಿಸುವ ಮೊದಲು ಒಂದು ದಿನ ಅಲ್ಲಿಗೆ ಹೋಗು, ಮಳೆ ಹೊಡೆಯುವಾಗ. ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಇದ್ದಾರಾ ನೋಡು. ಪಕ್ಕದ ಪಿಎಚ್‌ಸಿಯಲ್ಲಿ ಡಾಕ್ಟರ್ ಇದ್ದಾರಾ ವಿಚಾರಿಸು, ಇಲ್ಲದಿದ್ದರೆ ಅದರ ಇನ್‌ಚಾರ್ಜ್ ಕೂಡ ನಿನ್ನ ತಲೆಗೇ ಬರುತ್ತೆ. ಆಮೇಲೆ ಕ್ವಾರ್ಟರ್ಸ್ ಒಳಗೆ ಹೋಗಿ ಮೊಬೈಲ್ ತೆಗೆದು ನೋಡು, ಸಿಗ್ನಲ್ ಎಲ್ಲಿ ಬರುತ್ತೆ ಅಂತ.

ಪ್ರತಿಕ್ರಿಯೆ (ಹೊಸನಗರದ ಬೆಳೆಗಾರ): ಡಾಕ್ಟ್ರಮ್ಮ, ನಮ್ಮ ಕ್ವಾರ್ಟರ್ಸ್ ಹಂಚು ಈ ವಾರ ಕೈಯಾಡಿಸೋಣ ಅಂತ ನಾಲ್ಕು ಜನ ಮಾತಾಡಿಕೊಂಡ್ವಿ. ಬಾಗಿಲಿಗೆ ಬೀಗ ಇದೆ. ಕೀ ಯಾರ ಹತ್ರ ಇರುತ್ತೆ?

ಉತ್ತರ: ಆಸ್ಪತ್ರೆ ಗ್ರೂಪ್ ಡಿ ನೌಕರರ ಹತ್ರ ಕೇಳಿ. ಅವರ ಹತ್ರ ಇಲ್ಲದಿದ್ದರೆ ಹೋದ ಡಾಕ್ಟರ್ ಜೇಬಿನಲ್ಲೇ ಇರುತ್ತೆ. ನನ್ನ ಹತ್ರವೂ ಒಂದು ಕೀ ಉಳಿದುಹೋಗಿದೆ.