ನೆಟ್‌ವರ್ಕ್ ಇಲ್ಲದಾಗ ಔಷಧಿ ಪಟ್ಟಿ ಹೊರಗೆ ಕಳಿಸಬೇಕು: ಪ್ಯಾಕೆಟ್ ರೇಡಿಯೊ ಆಗುತ್ತದೆಯೇ?

ಸರ್ಜಾಪುರ ರಸ್ತೆ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ನಡೆಸುವವಳು, ಅಲ್ಲ. ಬ್ಯಾಂಕಿನಲ್ಲಿ ಕೆಲಸ. ನಮ್ಮ ಬಡಾವಣೆಯ ಸಂಘಕ್ಕೆ ಈಗ ನಾನೇ ಕಾರ್ಯದರ್ಶಿ.

2022ರ ಸೆಪ್ಟೆಂಬರ್ 5 ನಿಮಗೆಲ್ಲ ನೆನಪಿರಬೇಕು. ಬೆಳ್ಳಂದೂರು, ಹೊರ ವರ್ತುಲ ರಸ್ತೆ ಎಲ್ಲ ನೀರಿನಲ್ಲಿ. ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಸಾಗಿಸಿದ ದಿನ ಅದು. ಅತ್ತ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ ಕಾವೇರಿ ಸರಬರಾಜು ನಿಂತಿತ್ತು. ನಮ್ಮ ಬೀದಿಯಲ್ಲಿ ಸೊಂಟದವರೆಗೆ ನೀರು, ನಲ್ಲಿಯಲ್ಲಿ ಒಂದು ಹನಿ ಇಲ್ಲ.

ಕರೆಂಟ್ ಬೆಳಿಗ್ಗೆಯೇ ತೆಗೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಯಿತು. ಸಂಜೆ ನಾವು ಕೆಲವರು ಸೇರಿ ತುರ್ತಾಗಿ ಔಷಧಿ ಬೇಕಾದವರ ಪಟ್ಟಿ ಮಾಡಿದೆವು. 17 ಮನೆ ಆಯಿತು. ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಡುಗನಿಗೆ ಕೊಟ್ಟೆವು. ಆದರೂ ಅದು ನೆನೆದುಹೋಯಿತು. ಪಾಪ, ಅವನು ನೆನಪಿದ್ದಷ್ಟನ್ನು ಅಂಗಡಿಯಲ್ಲಿ ಬಾಯಲ್ಲೇ ಹೇಳಿ ತಂದ. ನಮ್ಮ ಅಮ್ಮನಿಗೆ ಬೇಕಿದ್ದ ಇನ್ಸುಲಿನ್ ಒಂದು, ಬಂದದ್ದು ಇನ್ನೊಂದು. ಆ ರಾತ್ರಿ ನಾನು ಅಮ್ಮನ ಪಕ್ಕದಲ್ಲೇ ಕೂತು ಬೆಳಗು ಮಾಡಿದೆ.

ಮೊನ್ನೆ ಒಬ್ಬರು ಪ್ಯಾಕೆಟ್ ರೇಡಿಯೊ ಅಂತ ಒಂದಿದೆ, ಇಂಟರ್‌ನೆಟ್ ಇಲ್ಲದೆಯೂ ಬರಹ ಕಳಿಸಬಹುದು ಅಂದರು. ಅದು ನಿಜಕ್ಕೂ ನಮ್ಮಂಥವರ ಕೈಗೆ ಎಟುಕುವುದೇ? ಬಡಾವಣೆಯ ದುಡ್ಡಿನಲ್ಲಿ ಒಂದು ಸೆಟ್ ತಂದಿಟ್ಟುಕೊಂಡರೆ ಸಾಕಾ? ಮತ್ತೆ ಮಳೆಗಾಲ ಬರುವುದರೊಳಗೆ ಏನಾದರೂ ಮಾಡಬೇಕು ಅಂತಿದ್ದೇನೆ.

ಹಲಸೂರು ಹುಡುಗ:

ಅಕ್ಕ, ಪ್ಯಾಕೆಟ್‌ಗೆ ಲೈಸೆನ್ಸ್ ಬೇಕು, ಪರೀಕ್ಷೆ ಬರೆಯಬೇಕು. ಅದರ ಬದಲು ಲೋರಾ ಮೆಶ್ ನೋಡಿ, ಪುಟ್ಟ ರೇಡಿಯೊಗಳು ಮೆಸೇಜನ್ನು ಒಂದರಿಂದ ಒಂದಕ್ಕೆ ದಾಟಿಸುವ ಜಾಲ. ಮೆಶ್‌ಟಾಸ್ಟಿಕ್ ಅಂತ ಸಾಫ್ಟ್‌ವೇರ್ ಇದೆ. ಅಂಗೈಯಷ್ಟು ಬೋರ್ಡ್, ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಸಿ ಮೆಸೇಜ್ ಟೈಪ್ ಮಾಡಿದರಾಯಿತು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಬ್ಯಾಂಡ್. ಪ್ರತಿ ಬ್ಲಾಕ್‌ನ ಟೆರೇಸ್ ಮೇಲೆ ಒಂದೊಂದು ಇಟ್ಟರೆ ಬಡಾವಣೆಯೊಳಗೆ ಚೆನ್ನಾಗಿ ನಡೆಯುತ್ತದೆ. ನಾವು ಹಲಸೂರು ಕೆರೆಯ ಸುತ್ತ ನಾಲ್ಕು ಇಟ್ಟು ನೋಡಿದ್ದೇವೆ. ಕೆರೆ ದಾಟಿ ಆರಾಮಾಗಿ ಹೋಯಿತು. ಕಟ್ಟಡಗಳ ನಡುವೆ ಮಾತ್ರ ಬೇಗ ಸೋತಿತು.

ದೂರವಾಣಿನಗರದ ಹಳೆಯ ಹ್ಯಾಮ್:

ಅಮ್ಮಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಆ 17 ಮನೆಯ ಪಟ್ಟಿಯಂಥದ್ದಕ್ಕೇ ಪ್ಯಾಕೆಟ್ ಇರುವುದು. "ಬೇಗ ಬನ್ನಿ, ನೀರು ಏರುತ್ತಿದೆ" ಅನ್ನಲು ಬಾಯಿ ಮಾತೇ ಸರಿ. ಅದರಷ್ಟು ಬೇಗ ಯಾವುದೂ ಮುಟ್ಟುವುದಿಲ್ಲ. ಆದರೆ ಔಷಧಿ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಯೂನಿಟ್ ಅಂತ ಬಂದಾಗ ಬಾಯಿ ಮಾತು ಕೈಕೊಡುತ್ತದೆ. ಇನ್ಸುಲಿನ್ನೇ ನೋಡಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನದೂ ಸಿಗುತ್ತದೆ, 100 ಯೂನಿಟ್‌ನದೂ ಸಿಗುತ್ತದೆ. ಗರಗರ ಅನ್ನುವ ರೇಡಿಯೊದಲ್ಲಿ ಯಾವುದು ಕೇಳಿಸಿತು ಅಂತ ಯಾರು ಹೇಳಬೇಕು?

ಪ್ಯಾಕೆಟ್ ಮಾಡುವುದು ಇಷ್ಟೇ. ನೀವು ಟೈಪ್ ಮಾಡಿದ್ದನ್ನು ತುಂಡು ಮಾಡುತ್ತದೆ. ಒಂದೊಂದು ತುಂಡಿಗೂ ಯಾರಿಂದ, ಯಾರಿಗೆ ಅಂತ ಕರೆಸಂಕೇತ, ಅಂದರೆ ಹ್ಯಾಮ್‌ಗಳ ಗುರುತಿನ ಹೆಸರು, ಅಂಟಿಸುತ್ತದೆ. ಕೊನೆಯಲ್ಲಿ ಒಂದು ತಾಳೆ ಲೆಕ್ಕ ಸೇರಿಸುತ್ತದೆ. ಆಮೇಲೆ ಸೊನ್ನೆ ಒಂದುಗಳನ್ನು 1200 ಹರ್ಟ್ಸ್, 2200 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಸಾಮಾನ್ಯ ವಿಎಚ್‌ಎಫ್ ವಾಕಿಟಾಕಿ ಸೆಟ್‌ನಲ್ಲೇ ಕಳಿಸುತ್ತದೆ. ಹಳೆಯ ಡಯಲ್‌ಅಪ್ ಮೋಡೆಮ್ ಕೇಳಿದವರಿಗೆ ಆ ಸದ್ದು ಗೊತ್ತು. ಆ ಕಡೆಯವರು ತಾಳೆ ನೋಡುತ್ತಾರೆ. ಒಂದು ಬಿಟ್ ತಪ್ಪಿದರೂ ಇಡೀ ತುಂಡನ್ನು ಬಿಸಾಡಿ ಮತ್ತೆ ತರಿಸಿಕೊಳ್ಳುತ್ತಾರೆ. ಹಾಗಾಗಿ ಪಟ್ಟಿ ಬಂದರೆ ಸರಿಯಾಗಿ ಬರುತ್ತದೆ. ಇಲ್ಲದಿದ್ದರೆ ಬಂದಿಲ್ಲ ಅಂತ ನಿಮಗೆ ಗೊತ್ತಾಗುತ್ತದೆ. ತಪ್ಪಾಗಿ ಬಂದದ್ದನ್ನು ಸರಿ ಅಂದುಕೊಳ್ಳುವ ಅಪಾಯವೇ ದೊಡ್ಡದು, ಅಲ್ವಾ?

ವೇಗ ಸೆಕೆಂಡಿಗೆ 1200 ಬಿಟ್. ಇವತ್ತಿನ ಲೆಕ್ಕದಲ್ಲಿ ಆಮೆ. ಆದರೆ ಮನೆಗೆ 80 ಅಕ್ಷರದಂತೆ 17 ಮನೆ ಅಂದರೆ 1360 ಅಕ್ಷರ. ತುಂಡಿಗೆ 256ರಂತೆ ಆರು ತುಂಡು. ಹೋಗಿ, ಮುಟ್ಟಿತು ಅಂತ ಉತ್ತರ ಬರಲು ಅರ್ಧ ನಿಮಿಷ ಸಾಕು. ನಾನೂ ನನ್ನ ಸ್ನೇಹಿತರೊಬ್ಬರೂ ಒಮ್ಮೆ ಅಷ್ಟೇ ಉದ್ದದ ಪಟ್ಟಿಯನ್ನು ಬಾಯಲ್ಲಿ ಓದಿ ಬರೆಸಿದೆವು. 11 ನಿಮಿಷ ಹಿಡಿಯಿತು. ಕೊನೆಗೆ ತಾಳೆ ನೋಡಿದರೆ ಎರಡು ಕಡೆ ತಪ್ಪು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸೆಟ್ ತಂದಿಟ್ಟುಕೊಂಡರೆ ಸಾಕಾ ಅಂದಿರಿ. ಸಾಲದು. ನನಗಾದದ್ದನ್ನೇ ಹೇಳುತ್ತೇನೆ.

ಮೊದಲು ಬರಹವನ್ನು ಸ್ವರ ಮಾಡಲು, ಸ್ವರವನ್ನು ಬರಹ ಮಾಡಲು ಟಿಎನ್‌ಸಿ ಅನ್ನುವ ಪೆಟ್ಟಿಗೆ ಬೇಕಿತ್ತು. ಈಗ ಡೈರ್‌ವುಲ್ಫ್ ಅನ್ನುವ ಉಚಿತ ಸಾಫ್ಟ್‌ವೇರ್ ಆ ಕೆಲಸ ಮಾಡುತ್ತದೆ. ಎಸ್‌ಪಿ ರೋಡಿಗೆ ಹೋಗಿ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್, ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಎರಡು ಮೀಟರ್ ವೈರ್ ತಂದೆ. ಕೈಯಲ್ಲಿ ಹಿಡಿಯುವ ಸೆಟ್ ಇತ್ತು, ಜೋಡಿಸಿದೆ. ಸ್ನೇಹಿತರು ವೈಟ್‌ಫೀಲ್ಡ್‌ನ ತಮ್ಮ ಟೆರೇಸ್‌ನಲ್ಲಿ ಹಾಗೇ ಮಾಡಿಕೊಂಡರು. ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ಅವರ ಧ್ವನಿ ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಸ್ಪಷ್ಟ. ಪ್ಯಾಕೆಟ್ ಕಳಿಸಿದರೆ ಸದ್ದು ಕೇಳಿಸುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ. ಮಧ್ಯಾಹ್ನದವರೆಗೆ ಒಂದೇ ಒಂದು ಪ್ಯಾಕೆಟ್ ಬಿಡಿಸಲಿಲ್ಲ.

ಸರಿಹೋಗಲು ಮೂರು ಭಾನುವಾರ ಬೇಕಾಯಿತು. ಮೊದಲನೆಯದು, ನಾನು ಆಡಿಯೊ ಜೋರಾಗಿ ಇಟ್ಟಿದ್ದೆ. ಜೋರಾದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ, ಸ್ವರ ಒಡೆಯುತ್ತಿತ್ತು. ಡೈರ್‌ವುಲ್ಫ್‌ನಲ್ಲಿ ಮಟ್ಟ 50ರ ಆಸುಪಾಸು ತೋರಿಸಬೇಕು, ನನ್ನದು 180 ತೋರಿಸುತ್ತಿತ್ತು. ಎರಡನೆಯದು, ಬ್ಯಾಟರಿ ಉಳಿಸುವ ಸೆಟ್ಟಿಂಗ್. ಅದು ಆನ್ ಇದ್ದರೆ ಸೆಟ್ ತೂಕಡಿಸಿ ಎದ್ದು ಕೇಳುತ್ತದೆ. ಅಷ್ಟರಲ್ಲಿ ಪ್ಯಾಕೆಟ್‌ನ ತಲೆ ಹೋಗಿರುತ್ತದೆ. ಮೂರನೆಯದು ವಾಕ್ಸ್. ಸದ್ದು ಬಂದಾಗ ತಾನೇ ಪ್ರಸಾರ ಶುರು ಮಾಡುವ ವ್ಯವಸ್ಥೆ ಅದು. ಮಾತಿಗೆ ಪರವಾಗಿಲ್ಲ, ಪ್ಯಾಕೆಟ್‌ಗೆ ನಿಧಾನ. ಅದನ್ನು ತೆಗೆದು ವೈರ್‌ನಲ್ಲೇ ಬಟನ್ ಒತ್ತಿಸುವಂತೆ ಮಾಡಿದೆ. ಪ್ಯಾಕೆಟ್‌ಗೆ ಮೊದಲು ಕಾಯುವ ಸಮಯ 300 ಮಿಲಿಸೆಕೆಂಡ್ ಇದ್ದದ್ದನ್ನು 500 ಮಾಡಿದೆ. ಮೂರನೇ ಭಾನುವಾರ ಹನ್ನೊಂದು ಗಂಟೆಗೆ ಪರದೆಯ ಮೇಲೆ "ಕಾಫಿ ಆಯ್ತಾ" ಅಂತ ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈ ಮೂರು ತಪ್ಪುಗಳನ್ನೂ ನೀರು ಬಂದ ರಾತ್ರಿ, ಟಾರ್ಚ್ ಬೆಳಕಿನಲ್ಲಿ ಹುಡುಕಬೇಕಾಗಿದ್ದರೆ? ಅದಕ್ಕೇ ಹೇಳುವುದು, ಬೀರುವಿನಲ್ಲಿಟ್ಟ ಸೆಟ್ ಇದ್ದೂ ಇಲ್ಲದಂತೆ. 2004ರ ಸುನಾಮಿ ನೆನಪಿಸಿಕೊಳ್ಳಿ. ಡಿ. ಭಾರತಿ ಪ್ರಸಾದ್ ಅವರ ತಂಡ ಆ ಡಿಸೆಂಬರ್‌ನಲ್ಲಿ ಪೋರ್ಟ್‌ಬ್ಲೇರ್‌ನಲ್ಲಿತ್ತು. ಹೋಗಿದ್ದದ್ದು ಬೇರೆ ದೇಶಗಳ ಹ್ಯಾಮ್‌ಗಳ ಜೊತೆ ಮಾತಾಡಲು, ಹವ್ಯಾಸಕ್ಕೆ. 26ರ ಬೆಳಿಗ್ಗೆ ಫೋನುಗಳೆಲ್ಲ ಸತ್ತಾಗ ಅಂಡಮಾನ್‌ನಿಂದ ಸುದ್ದಿ ಹೊರಗೆ ಬಂದದ್ದು ಅವರ ಸ್ಟೇಷನ್‌ನಿಂದ. ಅದು ಪ್ಯಾಕೆಟ್ ಅಲ್ಲ, ಬಾಯಿ ಮಾತೇ. ಆದರೆ ಆಂಟೆನಾ ಆಗಲೇ ನಿಂತಿತ್ತು, ಕೈ ಪಳಗಿತ್ತು.

ಹಲಸೂರಿನ ತಮ್ಮ ಹೇಳಿದ ಮೆಶ್ ಬಗ್ಗೆ ನನ್ನ ತಕರಾರಿಲ್ಲ. ಬಡಾವಣೆಯೊಳಗೆ ಅದೇ ಇಡಿ. ಮನೆ ಮನೆಯಿಂದ ಪಟ್ಟಿ ಕೂಡಿಸಲು ಅದು ಒಳ್ಳೆಯದು. ಅಲ್ಲಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ, ಕರೆಂಟ್ ಇರುವ ಕಡೆಗೆ ದಾಟಿಸಲು ಪ್ಯಾಕೆಟ್ ಇರಲಿ. ಆ ಕಡೆಯ ಸ್ಟೇಷನ್‌ನಲ್ಲಿ ರೇಡಿಯೊವನ್ನು ಇಮೇಲ್‌ಗೆ ಸೇರಿಸುವ ವಿನ್‌ಲಿಂಕ್ ಗೇಟ್‌ವೇ ಇದ್ದರೆ ನಿಮ್ಮ ಪಟ್ಟಿ ಇಮೇಲ್ ಆಗಿಯೇ ಮುಂದೆ ಹೋಗುತ್ತದೆ.

ನಿಮ್ಮದು ತಗ್ಗಿನ ಜಾಗ. ಆಂಟೆನಾ ಟೆರೇಸ್ ಮೇಲೆಯೇ ಇರಬೇಕು, ಬಾಲ್ಕನಿಯಲ್ಲಿ ಅಲ್ಲ. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟು ದೂರ ಹೋಗುತ್ತದೆ. ನಡುವೆ ಅಡ್ಡವಿಲ್ಲದಿದ್ದರೆ 10 ಮೀಟರ್ ಎತ್ತರದ ಆಂಟೆನಾಗೆ ದಿಗಂತ ಸುಮಾರು 13 ಕಿಲೋಮೀಟರ್. ಊರಿನ ಕಟ್ಟಡಗಳ ನಡುವೆ ಇನ್ನೂ ಕಡಿಮೆ. ಬೆಂಗಳೂರು ಸುಮಾರು 920 ಮೀಟರ್‌ನಲ್ಲಿದೆ, ನಂದಿ ಬೆಟ್ಟ 1478 ಮೀಟರ್. ಅಷ್ಟು ಎತ್ತರದಲ್ಲಿ ಮರುಪ್ರಸಾರ ಮಾಡುವ ಒಂದು ಡಿಜಿಪೀಟರ್ ಇದ್ದರೆ ಊರೆಲ್ಲ ಮುಟ್ಟಬಹುದು. ಅಲ್ಲಿಯವರೆಗೆ ಗುರುತಿನವರ ಎತ್ತರದ ಅಪಾರ್ಟ್‌ಮೆಂಟ್ ಒಂದು ಸಿಕ್ಕರೂ ಕೆಲಸ ಆಗುತ್ತದೆ.

ಸರ್ಜಾಪುರ ರಸ್ತೆ ನಿವಾಸಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. 40, 100ರ ವಿಷಯ ಓದಿ ಮೈ ಜುಂ ಅಂದಿತು. ಅವತ್ತು ಆದದ್ದು ಅದೇ.

ಮೂರು ಅನುಮಾನ. ಲೈಸೆನ್ಸ್ ಯಾರಿಗೆ ಬೇಕು, ಎಲ್ಲರಿಗೂ ಬೇಕೇ? ಕನ್ನಡದಲ್ಲಿ ಬರೆದರೆ ಹೋಗುತ್ತದೆಯೇ? ನಮ್ಮಲ್ಲಿ ಎಷ್ಟೋ ಹಿರಿಯರು ಇಂಗ್ಲಿಷ್ ಟೈಪ್ ಮಾಡುವುದಿಲ್ಲ. ಮತ್ತೆ, ಯಾರಿಗೆ ಯಾವ ಕಾಯಿಲೆ ಅಂತ ರೇಡಿಯೊದಲ್ಲಿ ಬೇರೆಯವರೂ ಓದಬಹುದಲ್ವಾ?

ಬನಶಂಕರಿ ಕೋಡರ್:

ಕನ್ನಡದ ವಿಷಯ ನಾನು ಹೇಳುತ್ತೇನೆ, ಇದು ನಾನು ಕೂತು ಲೆಕ್ಕ ಹಾಕಿದ ವಿಷಯ. ಕಳಿಸಬಹುದು. ಪ್ಯಾಕೆಟ್‌ಗೆ ಭಾಷೆ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ತೊಂದರೆ ಇರುವುದು ಉದ್ದದಲ್ಲಿ. ಯುನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಗುಣಿತಕ್ಕೆ ಬೇರೆ 3, ಒತ್ತಿಗೆ ಬೇರೆ 6. "ಬೆಳ್ಳಂದೂರು" ಅಂದರೆ 30 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9. ಪ್ಯಾಕೆಟ್‌ನಲ್ಲೇ ಚುಟುಕು ಮೆಸೇಜ್ ಕಳಿಸುವ ಎಪಿಆರ್‌ಎಸ್ ಅನ್ನುವ ಪದ್ಧತಿಯಲ್ಲಿ ಒಂದು ಮೆಸೇಜಿಗೆ 67 ಅಕ್ಷರ ಮಿತಿ, ಅದೂ ಅಕ್ಷರಕ್ಕೆ ಒಂದು ಬೈಟ್ ಅನ್ನುವ ಲೆಕ್ಕದಲ್ಲಿ ಹುಟ್ಟಿದ್ದು. "ಬೆಳ್ಳಂದೂರು ಇನ್ಸುಲಿನ್" ಅಂತ ಎರಡು ಪದಕ್ಕೇ 58 ಬೈಟ್ ಮುಗಿಯುತ್ತದೆ. ಜೊತೆಗೆ ಚಿಕ್ಕ ಪರದೆಯ ಸೆಟ್‌ಗಳಲ್ಲಿ ಕನ್ನಡ ಬರೀ ಚೌಕ ಚೌಕ ಕಾಣಿಸುತ್ತದೆ.

ಹಾಗಾಗಿ ಹಿರಿಯರು ಕಾಗದದ ಮೇಲೆ ಕನ್ನಡದಲ್ಲೇ ಬರೆದುಕೊಡಲಿ. ಟೈಪ್ ಮಾಡುವವರು ಔಷಧಿ ಹೆಸರನ್ನು ಡಬ್ಬಿಯ ಮೇಲಿರುವ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲೇ ಹಾಕಲಿ. ಅಂಗಡಿಯವರೂ ಅದನ್ನೇ ಓದುವುದು. ಉಳಿದ ಮಾತಿಗೆ, ಎರಡೂ ಕಡೆ ಲ್ಯಾಪ್‌ಟಾಪ್ ಇದ್ದರೆ, ಕನ್ನಡ ಧಾರಾಳವಾಗಿ ಬಳಸಿ. ಮೂರು ಪಟ್ಟು ಸಮಯ ಹಿಡಿದರೂ ಒಂದೂವರೆ ನಿಮಿಷ. ಅಷ್ಟು ಕಾಯಬಹುದು.

ದೂರವಾಣಿನಗರದ ಹಳೆಯ ಹ್ಯಾಮ್:

ಕೋಡರ್ ಹೇಳಿದ್ದು ಬಹಳ ಸರಿ. ನಾನು ಇಷ್ಟು ವರ್ಷದಲ್ಲಿ ಈ ಬೈಟ್ ಲೆಕ್ಕ ಮಾಡಿರಲಿಲ್ಲ.

ಲೈಸೆನ್ಸ್: ಸೆಟ್ ನಡೆಸುವವರಿಗೆ ಬೇಕು, ಎಲ್ಲರಿಗೂ ಅಲ್ಲ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ಮಾಡುತ್ತದೆ. ಎರಡು ದರ್ಜೆ ಇದೆ. ನಿಮಗೆ ರಿಸ್ಟ್ರಿಕ್ಟೆಡ್ ಸಾಕು, ಅದಕ್ಕೆ ಮೋರ್ಸ್ (ಚುಕ್ಕಿ-ಗೆರೆಯ ಸಂಕೇತ) ಬೇಕಿಲ್ಲ. ಸ್ವಲ್ಪ ಎಲೆಕ್ಟ್ರಾನಿಕ್ಸ್, ಸ್ವಲ್ಪ ನಿಯಮ. 12 ವರ್ಷ ತುಂಬಿದವರು ಬರೆಯಬಹುದು. ಒಬ್ಬರೇ ಬರೆಯಬೇಡಿ, ಕಡಿಮೆ ಅಂದರೂ ಮೂವರು ಬರೆಯಿರಿ. ಒಬ್ಬರು ಊರಿಗೆ ಹೋದ ದಿನವೇ ಮಳೆ ಬರಬಹುದು. ಪರೀಕ್ಷೆಯಾಗಿ ಲೈಸೆನ್ಸ್ ಕೈಗೆ ಬರಲು ಸಮಯ ಹಿಡಿಯುತ್ತದೆ, ಈ ವಾರವೇ ಅರ್ಜಿ ಹಾಕಿ.

ಗುಟ್ಟಿನ ವಿಷಯ: ಹೌದು, ಯಾರು ಬೇಕಾದರೂ ಓದಬಹುದು. ಹ್ಯಾಮ್ ಬ್ಯಾಂಡಿನಲ್ಲಿ ಅರ್ಥ ಮುಚ್ಚಿಡಲು ಸಂಕೇತ ಬಳಸುವಂತಿಲ್ಲ, ಅದು ಅಂತರರಾಷ್ಟ್ರೀಯ ನಿಯಮ. ಆದರೆ ಹೆಸರು ಬರೆಯಲೇಬೇಕು ಅಂತ ಯಾರೂ ಹೇಳಿಲ್ಲ. ಪಟ್ಟಿಯಲ್ಲಿ 1, 2, 3 ಅಂತ ಕ್ರಮಸಂಖ್ಯೆ ಸಾಕು. ಔಷಧಿ ಪೊಟ್ಟಣದ ಮೇಲೂ ಅದೇ ಸಂಖ್ಯೆ ಬರೆದುಬಂದರೆ ಯಾವುದು ಯಾರಿಗೆ ಅಂತ ನಿಮಗೆ ಗೊತ್ತು, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಾಯಿಲೆಯ ಹೆಸರಂತೂ ಬೇಡವೇ ಬೇಡ.

ಇನ್ನೊಂದು ಹೇಳಲು ಮರೆತಿದ್ದೆ. ಬ್ಯಾಟರಿ. ಸೆಟ್, ಪೈ ಎರಡೂ ಸೇರಿ ಸರಾಸರಿ ಮುಕ್ಕಾಲು ಆಂಪಿಯರ್ ಅಂದುಕೊಳ್ಳಿ. ಮನೆ ಇನ್ವರ್ಟರ್‌ನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ ನಾಲ್ಕು ದಿನ ನಡೆಯುತ್ತದೆ. ಆದರೆ ನಮ್ಮ ಊರಿನಲ್ಲಿ ಅದನ್ನು ಇಡುವುದು ನೆಲಮಹಡಿಯ ಮೆಟ್ಟಿಲ ಕೆಳಗೆ. ಮೊದಲು ಮುಳುಗುವುದೇ ಅದು. ಮೇಲಿನ ಮಹಡಿಯವರ ಬ್ಯಾಟರಿ ಒಂದನ್ನು ಇದಕ್ಕೆ ಗೊತ್ತು ಮಾಡಿಕೊಳ್ಳಿ.

ಬರುವ ಭಾನುವಾರ ಹತ್ತು ಗಂಟೆಗೆ ನಾನು ನನ್ನ ಸೆಟ್ ತೆಗೆದುಕೊಂಡು ನಿಮ್ಮ ಬಡಾವಣೆಗೇ ಬರುತ್ತೇನೆ. ವೈಟ್‌ಫೀಲ್ಡ್‌ನ ಸ್ನೇಹಿತರು ಆ ಕಡೆ ಕೂರುತ್ತಾರೆ. ಆ ಹಳೆಯ ಪಟ್ಟಿಯನ್ನು ನೆನಪು ಮಾಡಿಕೊಂಡು, ಹೆಸರುಗಳನ್ನು ಬಿಟ್ಟು, ಬರೆದಿಡಿ. ಅದನ್ನೇ ಕಳಿಸಿ ನೋಡೋಣ. ಟೆರೇಸ್‌ನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಶನಿವಾರವೇ ವಿಚಾರಿಸಿಟ್ಟಿರಿ.