ಆಸ್ಟ್ರೇಲಿಯಾ ಚುನಾವಣೆ ಟಿವಿಯಲ್ಲಿ ನೋಡಿದೆ, ತಿಳಿದವರು ಸ್ವಲ್ಪ ಹೇಳಿ

ಗುಬ್ಬಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ಹತ್ತಿರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 2025ರ ಬೇಸಿಗೆ ರಜೆಗೆ ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಸರಿಯಾಗಿ ಆಗಲೇ ಅಲ್ಲಿ ಚುನಾವಣೆ, ಮೇ 3ಕ್ಕೆ ಮತದಾನ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಟಿವಿ ಇಬ್ಬರೇ.

ಪ್ರಧಾನಿ ಆಂಟನಿ ಆಲ್ಬನೀಸ್ ಒಂದು ಸಭೆಯಲ್ಲಿ ಹಿಂದೆ ಹೆಜ್ಜೆ ಇಟ್ಟು ವೇದಿಕೆಯಿಂದ ಕಾಲು ಜಾರಿದ್ದರಂತೆ. ಅದು ಏಪ್ರಿಲ್ ಮೊದಲ ವಾರದ್ದು. ನಾನು ಹೋದ ಮೇಲೂ ಅದನ್ನು ತೋರಿಸುತ್ತಲೇ ಇದ್ದರು. ಬಿದ್ದರಾ ಇಲ್ಲವಾ ಅನ್ನುವುದೇ ಚರ್ಚೆ, ಅವರೇ ಬೇರೆ ಬಿದ್ದಿಲ್ಲ, ಒಂದು ಕಾಲು ಕೆಳಗೆ ಹೋಯಿತು ಅಷ್ಟೇ ಅಂದಿದ್ದರು. ಅತ್ತ ನನ್ನ ಮಗಳು ಮನೆ ಬಾಡಿಗೆ ಏರಿದ್ದಕ್ಕೆ ಲೆಕ್ಕ ಹಾಕುತ್ತಾ ಕೂತಿದ್ದಳು. ಅಲ್ಲಿಯೂ ಟಿವಿಯವರಿಗೆ ಎಡವಿದ್ದೇ ಸುದ್ದಿನಾ?

ಇನ್ನೊಂದು ನನಗೆ ಅರ್ಥವೇ ಆಗಲಿಲ್ಲ. ಬುಧವಾರ ರಾತ್ರಿ ಕಳೆದ ಮೇಲೆ ಟಿವಿಯಲ್ಲಿ ಪಕ್ಷಗಳ ಜಾಹೀರಾತು ಪೂರ್ತಿ ನಿಂತವು, ಆದರೆ ಅಳಿಯನ ಫೋನಿನಲ್ಲಿ ಶನಿವಾರ ಬೆಳಿಗ್ಗೆಯೂ ಬರುತ್ತಿದ್ದವು. ಒಂದೇ ಮನೆ, ಒಂದೇ ಸೋಫಾ, ಎರಡು ಕಾನೂನು ಹೇಗೆ?

ಎಣಿಕೆಯ ರಾತ್ರಿ ಮಾತ್ರ ನನಗೆ ತುಂಬಾ ಇಷ್ಟ ಆಯಿತು. ಅಲ್ಲಿನ ಸಾರ್ವಜನಿಕ ಚಾನೆಲ್ ಎಬಿಸಿಯಲ್ಲಿ ಕನ್ನಡಕದವರೊಬ್ಬರು ಪರದೆ ಪಕ್ಕ ನಿಂತು ಒಂದೊಂದು ಕ್ಷೇತ್ರವನ್ನೂ ಪಾಠ ಹೇಳಿದ ಹಾಗೆ ಬಿಡಿಸುತ್ತಿದ್ದರು. ಯಾರೂ ಕಿರುಚಲಿಲ್ಲ. ಯಾರು ಅವರು?

ಶಿರಾ ಹುಡುಗಿ, ಮೆಲ್ಬರ್ನ್:

ಮೇಷ್ಟ್ರೇ, ನಮ್ಮ ಕಡೆಯವರು ಇದನ್ನೆಲ್ಲ ಗಮನಿಸಿ ನೋಡಿದ್ದು ಓದಿ ಖುಷಿ ಆಯಿತು. ನಾನು ಶಿರಾದವಳು, ಇಲ್ಲಿ ಪೌರತ್ವ ಸಿಕ್ಕ ಮೇಲೆ ಎರಡು ಸಲ ಓಟು ಹಾಕಿದ್ದೇನೆ.

ನೀವು ನೋಡಿದವರು ಆಂಟನಿ ಗ್ರೀನ್. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಎಬಿಸಿಯಲ್ಲಿ ಫಲಿತಾಂಶ ವಿವರಿಸಿದವರು, ಟಿವಿಯಲ್ಲಿ ಅದೇ ಅವರ ಕೊನೆಯ ಚುನಾವಣೆ ರಾತ್ರಿ. ಇಲ್ಲಿ ಮತಯಂತ್ರ ಇಲ್ಲ, ಕಾಗದದ ಚೀಟಿ. ಸಂಜೆ 6ಕ್ಕೆ ಮತದಾನ ಮುಗಿದ ಕೂಡಲೇ ಬೂತಿನಲ್ಲೇ ಎಣಿಸಲು ಶುರು ಮಾಡುತ್ತಾರೆ. ಗ್ರೀನ್ ಒಂದು ಬೂತಿನ ಎಣಿಕೆಯನ್ನು ಅದೇ ಬೂತಿನ ಹಿಂದಿನ ಚುನಾವಣೆ ಜೊತೆ ಇಟ್ಟು ನೋಡುತ್ತಿದ್ದರು, ಹಾಗಾಗಿ ಸ್ವಲ್ಪ ಮತ ಎಣಿಸಿದ್ದರೂ ಗಾಳಿ ಯಾವ ಕಡೆ ಅಂತ ಗೊತ್ತಾಗುತ್ತಿತ್ತು. ಆಲ್ಬನೀಸ್ ಅವರ ಲೇಬರ್ ಪಕ್ಷಕ್ಕೆ 150ರಲ್ಲಿ 94 ಸ್ಥಾನ ಬಂತು. ವಿರೋಧ ಪಕ್ಷದ ನಾಯಕ, ಲಿಬರಲ್ ಪಕ್ಷದ ಪೀಟರ್ ಡಟ್ಟನ್ ತಮ್ಮ ಡಿಕ್ಸನ್ ಕ್ಷೇತ್ರದಲ್ಲಿ ತಾವೇ ಸೋತರು.

ಜಾಹೀರಾತಿನ ವಿಷಯ. ಮತದಾನಕ್ಕೆ ಮುಂಚಿನ ಬುಧವಾರ ಮಧ್ಯರಾತ್ರಿಯಿಂದ ಮತದಾನ ಮುಗಿಯುವ ತನಕ ಟಿವಿ, ರೇಡಿಯೊದಲ್ಲಿ ಚುನಾವಣಾ ಜಾಹೀರಾತು ಹಾಕುವ ಹಾಗಿಲ್ಲ. 1992ರ ಪ್ರಸಾರ ಕಾಯ್ದೆಯಲ್ಲಿ ಇರುವುದು ಇದು. ಆಗ ಫೋನಿನಲ್ಲಿ ವಿಡಿಯೊ ಎಲ್ಲಿತ್ತು? ಇಂಟರ್‌ನೆಟ್‌ಗೆ, ಪತ್ರಿಕೆಗೆ ಇದು ತಟ್ಟುವುದೇ ಇಲ್ಲ. ಅದೂ ಅಲ್ಲದೆ ಮುಂಗಡ ಮತದಾನ ಏಪ್ರಿಲ್ 22ಕ್ಕೇ ಶುರುವಾಗಿತ್ತು, ಲಕ್ಷಗಟ್ಟಲೆ ಜನ ಆಗಲೇ ಹಾಕಿ ಬಂದಿದ್ದರು. ನಾನೂ ಹಾಕಿ ಆಗಿತ್ತು. ಯಾರ ಮನಸ್ಸಿಗೆ ಬಿಡುವು ಕೊಡಲು ಆ ಮೂರು ದಿನ ಅಂತ ನನಗೂ ಅನಿಸುತ್ತದೆ.

ಎಡವಿದ್ದು ಹಿಡಿಯುವುದು ಇಲ್ಲಿ ಹಳೇ ರೋಗ. 2022ರಲ್ಲಿ ಪ್ರಚಾರದ ಮೊದಲ ದಿನವೇ ಆಲ್ಬನೀಸ್‌ಗೆ ನಿರುದ್ಯೋಗ ಪ್ರಮಾಣ ಎಷ್ಟು ಅಂತ ಹೇಳಲು ಆಗಲಿಲ್ಲ. ಅದನ್ನೇ ಎಳೆದರು, ಎಳೆದರು. ಎರಡು ದಿನ ಬಿಟ್ಟು ಇನ್ನೊಬ್ಬ ವರದಿಗಾರ ಗ್ರೀನ್ಸ್ ಅನ್ನುವ ಪಕ್ಷದ ಆಗಿನ ನಾಯಕ ಆಡಮ್ ಬ್ಯಾಂಟ್‌ಗೆ ಅಂಥದ್ದೇ ಅಂಕಿಅಂಶ ಕೇಳಿದ, ಅವರು ಗೂಗಲ್ ಮಾಡಿ ನೋಡಪ್ಪಾ ಅಂದುಬಿಟ್ಟರು. ಆ ಮಾತು ನನಗೆ ಹಿಡಿಸಿತ್ತು. ಸಂಬಳ ಸಾಲುತ್ತಿಲ್ಲ ಅನ್ನುವವಳಿಗೆ ನಾಯಕನ ನೆನಪಿನ ಶಕ್ತಿ ಪರೀಕ್ಷೆ ಯಾಕೆ ಬೇಕು?

ಕೋಲಾರದ ಕ್ಯಾಮೆರಾ:

ನಾನು ಕೋಲಾರ ಜಿಲ್ಲೆಯಲ್ಲಿ ಒಂದು ಚಾನೆಲ್‌ಗೆ ಸ್ಟ್ರಿಂಗರ್, ಅಂದರೆ ಕಾಯಂ ಅಲ್ಲದ ವರದಿಗಾರ ಆಗಿ ಏಳೆಂಟು ವರ್ಷ ಕೆಲಸ ಮಾಡಿದವನು. ಹೆಸರು ಬೇಡ.

ನೀವು ಪ್ರಧಾನಿ ಕಾಲು ಜಾರಿದ್ದು ಹೇಳಿದಿರಿ. ಅದೇ ವಾರ ಡಾರ್ವಿನ್‌ನಲ್ಲಿ ಡಟ್ಟನ್ ಒದ್ದ ಫುಟ್‌ಬಾಲ್ ಒಬ್ಬ ಕ್ಯಾಮೆರಾಮನ್‌ಗೆ ಬಡಿದು, ಹಣೆಯಲ್ಲಿ ರಕ್ತ ಬಂತು. ಆ ವಿಡಿಯೊ ನೋಡಿದಾಗ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ವ್ಯೂಫೈಂಡರ್‌ಗೆ ಒಂದು ಕಣ್ಣು ಒತ್ತಿಕೊಂಡಿದ್ದಾಗ ಆಚೆ ಏನು ಬರುತ್ತಿದೆ ಕಾಣುವುದಿಲ್ಲ. ನನಗೂ ಒಂದು ರೋಡ್‌ಶೋನಲ್ಲಿ ಬಾವುಟದ ಕೋಲು ತಗುಲಿ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿವೆ. ಡೆಸ್ಕಿನಿಂದ ಫೋನ್ ಬಂತು, ವಿಜುವಲ್ ಬಂತಾ ಅಂತ ಮಾತ್ರ ಕೇಳಿದರು.

ಚುನಾವಣೆ ಬಂದರೆ ಅವರು ಕೇಳುವುದು ಬೈಟ್. ಇವರು ಅವರಿಗೆ ಬೈದದ್ದು, ಅವರು ತಿರುಗಿ ಬೈದದ್ದು. ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟುತ್ತದೆ, ನೀರಲ್ಲಿ ಫ್ಲೋರೈಡ್. ಕೆ.ಸಿ. ವ್ಯಾಲಿಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆರೆಗೆ ಬರುತ್ತಿದೆ, ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ರೈತರು ಕೇಳುತ್ತಲೇ ಇದ್ದಾರೆ. ಕೆರೆ ಏರಿ ಮೇಲೆ ಒಬ್ಬ ಅಜ್ಜಿ ಒಂದು ಚೊಂಬು ನೀರು ಎತ್ತಿ ಕ್ಯಾಮೆರಾ ಮುಂದೆ ಹಿಡಿದು, ಇದನ್ನು ಕೇಳಿ ಬನ್ನಿ ಅಂದರು. ಎರಡು ನಿಮಿಷ ಚೆನ್ನಾಗಿ ತೆಗೆದು ಕಳಿಸಿದೆ. ಹಾಕಲೇ ಇಲ್ಲ. ಆ ಕ್ಲಿಪ್ ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ.

ಫೋನಿನ ವಿಷಯ ನಮ್ಮಲ್ಲೂ ಹಾಗೇ. ಬಹಿರಂಗ ಪ್ರಚಾರಕ್ಕೆ ತೆರೆ ಅಂತ ನಾವೇ ಸುದ್ದಿ ಓದುತ್ತೇವೆ, ಆ ಕೊನೆಯ 48 ಗಂಟೆ ವಾಟ್ಸಾಪ್ ಮಾತ್ರ ಮಲಗುವುದಿಲ್ಲ.

ಚಿಂತಾಮಣಿ ಓದುಗ:

ಎಬಿಸಿ ಒಂದನ್ನೇ ನೋಡಿ ಅಲ್ಲಿ ಎಲ್ಲಾ ಸರಿ ಅಂದುಕೊಳ್ಳಬೇಡಿ. ಮಾಧ್ಯಮ ದೊರೆ ಮರ್ಡೋಕ್ ಕುಟುಂಬದ ಪತ್ರಿಕೆಗಳ ಹಿಡಿತ ಬಹಳ ಜಾಸ್ತಿ, ಬ್ರಿಸ್ಬೇನ್, ಅಡಿಲೇಡ್‌ನಲ್ಲಿ ಅಚ್ಚಾಗುವ ನಗರದ ದಿನಪತ್ರಿಕೆ ಅಂದರೆ ಅವರದ್ದೇ. ಇದಕ್ಕೆ ತನಿಖಾ ಆಯೋಗ ಬೇಕು ಅಂತ ಮಾಜಿ ಪ್ರಧಾನಿ ಕೆವಿನ್ ರಡ್ 2020ರಲ್ಲಿ ಅರ್ಜಿ ಹಾಕಿದಾಗ 5 ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದರು. ಸಮೀಕ್ಷೆಗಳ ಮಾತೂ ಅಷ್ಟೇ. 2019ರಲ್ಲಿ ಎಲ್ಲರೂ ಲೇಬರ್ ಗೆಲ್ಲುತ್ತದೆ ಅಂದರು, ಗೆದ್ದದ್ದು ಲಿಬರಲ್ ಪಕ್ಷದ ಸ್ಕಾಟ್ ಮಾರಿಸನ್.

ಗುಬ್ಬಿ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಕೋಲಾರದವರೇ, ಆ ಅಜ್ಜಿಯ ಕ್ಲಿಪ್ ಯೂಟ್ಯೂಬ್‌ಗೆ ಹಾಕಿ ದಯವಿಟ್ಟು. ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸುತ್ತೇನೆ.

ಶಿರಾದ ತಾಯಿ, ಒಂದೇ ಒಂದು ಉಳಿಯಿತು. ಮೊದಲ ಎಣಿಕೆಯಲ್ಲಿ ಮುಂದಿದ್ದವರು ಆಮೇಲೆ ಸೋಲುವುದು ಹೇಗೆ?

ಶಿರಾ ಹುಡುಗಿ, ಮೆಲ್ಬರ್ನ್:

ಮೇಷ್ಟ್ರೇ, ನೀವು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿರುತ್ತೀರಲ್ವಾ? ಚೀಟಿಯಲ್ಲಿ 1, 2, 3 ಅಂತ ಬರೆಯುತ್ತೀರಲ್ಲ, ಅದೇ ಪ್ರಾಶಸ್ತ್ಯ ಮತ. ಇಲ್ಲಿ ಎಲ್ಲರೂ ಹಾಗೆ ಬರೆಯಬೇಕು, ಕೆಳಮನೆಗೆ ಎಲ್ಲ ಅಭ್ಯರ್ಥಿಗಳಿಗೂ ನಂಬರ್ ಹಾಕಬೇಕು. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಚೀಟಿಗಳನ್ನು ಮುಂದಿನ ನಂಬರಿನವರಿಗೆ ಸೇರಿಸುತ್ತಾರೆ. ಗೂಗಲ್ ಮಾಡಿ ಅಂದಿದ್ದ ಬ್ಯಾಂಟ್ ಮೆಲ್ಬರ್ನ್ ಕ್ಷೇತ್ರದಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದರು. ಲಿಬರಲ್‌ಗೆ 1 ಬರೆದವರಲ್ಲಿ ಜಾಸ್ತಿ ಜನ ಗ್ರೀನ್ಸ್‌ಗಿಂತ ಲೇಬರ್ ಅನ್ನು ಮೇಲೆ ಬರೆದಿದ್ದರು, ಅಲ್ಲಿಗೆ ಬ್ಯಾಂಟ್ ಹಿಂದೆ ಬಿದ್ದರು. ಅವರು ಸೋಲು ಒಪ್ಪಿದ್ದು ಮೇ 8ಕ್ಕೆ, ನೀವು ಟಿವಿ ಆರಿಸಿ ಐದು ದಿನ ಆದ ಮೇಲೆ.