ಅತ್ತೆಯ ಫಾರ್ವರ್ಡು, ಚಿಕ್ಕಪ್ಪನ ಹೆಬ್ಬೆಟ್ಟು

ಶ್ರೀನಿವಾಸಪುರದ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ರಾತ್ರಿ ಪೋಕರ್ ಅನ್ನುವ ಇಸ್ಪೀಟ್ ಆಟದ ವಿಷಯಕ್ಕೆ ದೊಡ್ಡ ಜಗಳ. ಇಡೀ ಗುಂಪಿನಲ್ಲಿ ಪೋಕರ್ ಗೊತ್ತಿರುವುದು ಅತ್ತೆ ಮಗನೊಬ್ಬನಿಗೇ. ಜಗಳ ಆಡಿದ್ದು ಉಳಿದವರೆಲ್ಲ.

ಶುರು ಮಾಡಿದ್ದು ಅತ್ತೆ. ಪೋಕರ್ ಟೇಬಲ್ಲಿನಲ್ಲಿ ನಿಮ್ಮ ಇಮೇಜನ್ನೇ ಬಳಸಿಕೊಂಡು ಗೆಲ್ಲುವುದು ಹೇಗೆ ಅನ್ನುವ ಉದ್ದನೆಯ ಫಾರ್ವರ್ಡು, ಅದರ ಕೆಳಗೆ ಅವರ ಮಾತು: "ನೋಡ್ರಪ್ಪಾ, ಸುಳ್ಳು ಹೇಳೋದಕ್ಕೂ ಈಗ ಪಾಠ!" ಮಗ ರಾತ್ರಿಯೆಲ್ಲ ಫೋನ್ ಹಿಡಿದು ಕೂರುತ್ತಾನೆ ಅನ್ನುವುದು ಅವರ ಹಳೇ ಚಿಂತೆ. ಸಾಕ್ಷಿ ಸಿಕ್ಕಿತು, ಕಳಿಸಿದರು. ಓದಿರಲಿಲ್ಲ ಅನ್ನುವುದು ಬೇರೆ ಮಾತು.

ಅದರಲ್ಲಿ ಇದ್ದದ್ದು ಇಷ್ಟೇ. ಬಂದ ಎಲೆಗಳನ್ನೆಲ್ಲ ಬಿಸಾಕುತ್ತಾ ಸುಮ್ನೆ ಕೂತವನನ್ನು ಜನ ‘ಇವನು ಎಲೆ ಇಲ್ಲದೆ ದುಡ್ಡು ಹಾಕಲ್ಲ’ ಅಂತ ನಂಬುತ್ತಾರೆ, ಆಮೇಲೆ ಅವನು ಖಾಲಿ ಕೈಯಲ್ಲಿ ಪಂತ ಏರಿಸಿದರೂ ಎಲೆ ಮಡಚುತ್ತಾರೆ, ಅಂದರೆ ಆ ಕೈ ಬಿಟ್ಟುಕೊಡುತ್ತಾರೆ. ಬರೀ ಬುರುಡೆ ಬಿಡುವವನದ್ದು ಇದಕ್ಕೆ ಉಲ್ಟಾ. ಅವನಿಗೆ ನಿಜವಾಗಿ ಒಳ್ಳೇ ಎಲೆ ಬಂದ ದಿನ ಎಲ್ಲರೂ ದುಡ್ಡು ಹಾಕಿ ಕಳೆದುಕೊಳ್ಳುತ್ತಾರೆ.

ಭಾವ ತಕ್ಷಣ ಬಂದರು. "ಮೂಲ ಯಾವುದು? ಬರೆದವರು ಯಾರು?" ನಾಮಕರಣಕ್ಕೆ ಕರೆದರೂ ಪಂಚಾಂಗದ ಪುಟ ಕೇಳುವ ಮನುಷ್ಯ.

ಅತ್ತೆ ಮಗ ಉತ್ತರದ ಬದಲು ಉದಾಹರಣೆ ಕೊಟ್ಟ. "ಡ್ಯಾನ್ ಹ್ಯಾರಿಂಗ್ಟನ್ ಅಂತ ಅಮೆರಿಕದವರು, 1995ರಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಾವಳಿಯ ಮೇನ್ ಇವೆಂಟ್ ಗೆದ್ದವರು. ತುಂಬಾ ಜೋಪಾನವಾಗಿ ಆಡ್ತಾರೆ ಅಂತಲೇ ಹೆಸರು. 2004ರ ಫೈನಲ್ ಟೇಬಲ್ಲಲ್ಲಿ ಇಬ್ಬರು ಆಗಲೇ ದುಡ್ಡು ಹಾಕಿದ್ದರೂ, ಕೈಯಲ್ಲಿ ಆರು ಮತ್ತು ಎರಡು ಅನ್ನೋ ಕೆಲಸಕ್ಕೆ ಬಾರದ ಎಲೆ ಇಟ್ಕೊಂಡು ಪಂತ ಜೋರಾಗಿ ಏರಿಸಿದರು. ಎಲ್ಲರೂ ಮಡಚಿದರು."

"ಒಂದು ಉದಾಹರಣೆ ಪುರಾವೆ ಆಗಲ್ಲ," ಭಾವ. "ಸೋತವರ ಲೆಕ್ಕ ಕೊಡು."

"ಲೆಕ್ಕ ಇದೆ ಭಾವ. ಮಧ್ಯದಲ್ಲಿ ನೂರು ರೂಪಾಯಿ ಇದ್ದಾಗ ನೀವು ಐವತ್ತು ಹಾಕಿ ಬುರುಡೆ ಬಿಟ್ಟರೆ, ಮೂರಕ್ಕೆ ಒಂದು ಸಲ ಅವರು ಮಡಚಿದರೆ ಅಸಲು ಬಂತು. ಪೂರ್ತಿ ನೂರು ಹಾಕಿದರೆ ಎರಡಕ್ಕೆ ಒಂದು ಸಲ ಮಡಚಬೇಕು. ಶುರುವಿಗೇ ಎಲ್ಲಕ್ಕಿಂತ ಒಳ್ಳೇ ಎಲೆ ಅಂದ್ರೆ ಜೋಡಿ ಎಕ್ಕ, ಅದು ಬರೋದು 221 ಕೈಗೆ ಒಂದು ಸಲ. ಅದಕ್ಕೇ ಕಾಯ್ತಾ ಕೂತರೆ ಆಗಲ್ಲ."

ಭಾವ ಇದಕ್ಕೆ ಏನೂ ಅನ್ನಲಿಲ್ಲ. ಲೆಕ್ಕ ಸರಿಯಿದ್ದಾಗ ಅವರ ನೆಟ್‌ವರ್ಕ್ ಹೋಗುತ್ತದೆ.

ಅಷ್ಟರಲ್ಲಿ ದೊಡ್ಡಪ್ಪ. "ಧರ್ಮರಾಯನೇ ಜೂಜಿನಲ್ಲಿ ಹೆಂಡತಿಯನ್ನು ಸೋತ. ನಮ್ಮ ವಂಶದಲ್ಲಿ ಯಾರೂ ಎಲೆ ಮುಟ್ಟಿದವರಲ್ಲ." ಟೊಮೆಟೊ ರೇಟು ಬಿದ್ದರೂ ಅವರಿಗೆ ಧರ್ಮರಾಯನೇ ಬೇಕು.

ಹುಡುಗ ಪಾಪ ಇನ್ನೊಂದು ಸಲ ಬರೆದ. ದುಡ್ಡಿಟ್ಟು ಆನ್‌ಲೈನಲ್ಲಿ ಆಡೋದನ್ನ 2025ರ ಆಗಸ್ಟಿನಲ್ಲಿ ಬಂದ ಕಾನೂನೇ ನಿಷೇಧಿಸಿದೆ, ನಾನು ಆಡೋದು ಬಿಟ್ಟಿ ಚಿಪ್ಸಲ್ಲಿ, ಅಂದ್ರೆ ದುಡ್ಡಿನ ಬದಲು ಬರೀ ಬಿಲ್ಲೆಗಳಲ್ಲಿ, ಅಲ್ಲಿ ಈ ಇಮೇಜ್ ತಂತ್ರ ನಡೆಯೋದೇ ಇಲ್ಲ, ಕಳೆದುಕೊಳ್ಳೋಕೆ ಏನೂ ಇಲ್ಲದಿದ್ದರೆ ಯಾರು ತಾನೇ ಹೆದರಿ ಮಡಚುತ್ತಾರೆ, ಎದುರಿಗಿರುವವನು ಆಟ ಗಮನಿಸುತ್ತಿದ್ದರೆ ಮಾತ್ರ ನಿಮಗೊಂದು ಇಮೇಜ್ ಅಂತ. ಇಡೀ ರಾತ್ರಿಯಲ್ಲಿ ಬಂದ ಒಳ್ಳೇ ಮೆಸೇಜು ಇದೊಂದೇ. ಯಾರೂ ಗಮನಿಸಲಿಲ್ಲ.

ಯಾಕಂದರೆ ದೊಡ್ಡಪ್ಪನ ಮಗಳಿಗೆ ಮುಳಬಾಗಿಲಿನಲ್ಲಿ ಕೂತು ಹಳೇ ಯುಗಾದಿ ನೆನಪಾಗಿತ್ತು. "ಎಲೆ ಮುಟ್ಟಿಲ್ಲ ಅಂತೀಯಲ್ಲಪ್ಪಾ, ಮಾವಿನ ತೋಪಿನ ಪಂಪ್‌ಹೌಸಲ್ಲಿ ಗೋಣಿಚೀಲ ಹಾಸ್ಕೊಂಡು ಮೂರೆಲೆ ಆಡ್ತಿದ್ದೋರು ಯಾರು? ನೀನು ಎಲೆ ನೋಡದೇ ಬ್ಲೈಂಡ್ ಮೇಲೆ ಬ್ಲೈಂಡ್ ಹಾಕ್ತಿದ್ದೆ. ಒಂದ್ ಸಲ ಅದೂ ಬುರುಡೆ ಅಂತ ಎಲ್ಲರೂ ದುಡ್ಡು ಸುರಿದರು. ಕೊನೆಗೆ ಒಂದೊಂದೇ ಎಲೆ ತಿರುಗಿಸಿದೆ. ಎಂಟು. ಎಂಟು. ಇನ್ನೊಂದು ಎಂಟು."

"ಅದರಲ್ಲಿ ನನ್ನ ಹಬ್ಬದ ಸೀರೆ ದುಡ್ಡು ಹೋಯ್ತು," ಅತ್ತೆ. "ಇವತ್ತಿಗೂ ವಾಪಸ್ ಬಂದಿಲ್ಲ."

"ಅಮ್ಮಾ, ನೀನು ಫಾರ್ವರ್ಡ್ ಮಾಡಿದ್ದರಲ್ಲಿ ಇರೋದೂ ಇದೇ!" ಅಂತ ಹುಡುಗ. ಯಾರಿಗೆ ಬೇಕು.

ದೊಡ್ಡಪ್ಪನಿಗೆ ಸಿಟ್ಟು ಬಂತು. ಧರ್ಮರಾಯ ಪಕ್ಕಕ್ಕೆ ಹೋದ, ಆಸ್ತಿ ಭಾಗ ಆದ ಕಥೆ ಬಂತು. "ನಾನು ಆಡಿದ್ದು ಎಲ್ಲರ ಎದುರಿಗೆ. ಬಾಯಿ ಮುಚ್ಚಿಕೊಂಡು ಆಡಿದವರನ್ನ ಕೇಳಿ. ಪಾಲು ಮಾಡುವ ದಿನ ಬೆಳಗ್ಗೆಯಿಂದ ಸಂಜೆತನಕ ನನ್ನ ತಮ್ಮ ತುಟಿ ಬಿಚ್ಚಲಿಲ್ಲ. ಕೊನೆಗೆ ‘ನಂಗೆ ರಸ್ತೆ ಪಕ್ಕದ ಕಲ್ಲು ನೆಲ ಸಾಕು’ ಅಂದ. ಪಾಪ, ಏನೂ ಕೇಳದವನು ಕೇಳ್ತಿದ್ದಾನೆ ಅಂತ ಬಿಟ್ಟುಕೊಟ್ಟೆವು. ಆಮೇಲೆ ರಸ್ತೆ ಅಗಲ ಆಯ್ತು."

ನನಗೆ ಗೊತ್ತಿರುವ ಹಾಗೆ ಚಿಕ್ಕಪ್ಪನಿಗೂ ರಸ್ತೆ ಸುದ್ದಿ ಆಗ ತಿಳಿದಿರಲಿಲ್ಲ. ಆದರೆ ಗುಂಪಿನಲ್ಲಿ ಇದನ್ನು ಬರೆಯುವ ಧೈರ್ಯ ಯಾರಿಗಿದೆ? ಚಿಕ್ಕಮ್ಮ ಮಾತ್ರ ದೊಡ್ಡಪ್ಪನಿಗೆ ಬರೆದರು: "ಅವತ್ತು ಸಾಕ್ಷಿ ಹಾಕಿದವರು ನೀವೇ ಭಾವ." ಅದಕ್ಕೆ ಅತ್ತೆ ಮೂರು ಕೈಮುಗಿಯುವ ಗುರುತು ಹಾಕಿದರು. ಯಾರ ಪರ ಅಂತ ಗೊತ್ತಾಗಲಿಲ್ಲ.

ಹನ್ನೊಂದೂವರೆಗೆ ಚಿಕ್ಕಪ್ಪ ಆನ್‌ಲೈನ್ ಬಂದರು. ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು. ಗುಂಪು ಪೂರ್ತಿ ಸ್ತಬ್ಧ. ಕೊನೆಗೆ ಬಂದದ್ದು ಒಂದು ಹೆಬ್ಬೆಟ್ಟು, ಯಾರ ಮೆಸೇಜಿಗೂ ಅಂಟಿಸದೆ.

"ಒಪ್ಪಿಕೊಂಡ ನೋಡಿ," ದೊಡ್ಡಪ್ಪ.

"ಅದು ನನ್ನ ಮಾತಿಗೆ ಹಾಕಿದ್ದು," ಚಿಕ್ಕಮ್ಮ.

"ಯಾವ ಮೆಸೇಜಿಗೆ ಅಂತ ಸ್ಪಷ್ಟಪಡಿಸಬೇಕು," ಭಾವ. ನೆಟ್‌ವರ್ಕ್ ವಾಪಸ್ ಬಂದಿತ್ತು.